ಕಲ್ಲಿನ ನೊಣವೂ ಜೀವಂತ ದುಂಬಿಯೂ

ದಯೆಯಿಂದಲೇ ಧರ್ಮ ಹುಟ್ಟುತ್ತದೆ ಎಂಬುದು ಬಸವಣ್ಣನವರ ಬೋಧೆಯ ತಿರುಳು. ಈ ಮಾತನ್ನು ಕೇಳಿ ತಲೆದೂಗದ ಭಕ್ತನಿಲ್ಲ. ಆದರೆ ಒಬ್ಬನಲ್ಲಿ ದಯೆ ಎಷ್ಟಿದೆ ಎಂಬುದನ್ನು ಅಳೆಯುವ ಕೊಳಗ ಯಾವುದು? ಹಸುವಿಗೆ ಹುಲ್ಲು ಹಾಕುವುದು ದಯೆಯೇ ಸರಿ. ಆದರೆ ಹಸು ಹಾಲು ಕೊಡುತ್ತದೆ. ನಾಯಿಗೆ ಅನ್ನವಿಡುವುದು ದಯೆಯೇ ಸರಿ. ಆದರೆ ನಾಯಿ ಬಾಗಿಲು ಕಾಯುತ್ತದೆ. ಇಂತಹ ದಯೆಯಲ್ಲಿ ಕೃತಜ್ಞತೆ ಬೆರೆತಿರುತ್ತದೆ, ಲಾಭವೂ ಸ್ವಲ್ಪ ಬೆರೆತಿರುತ್ತದೆ. ಕೂಗಲು ದನಿಯಿಲ್ಲದ, ಕಣ್ಣೀರು ಸುರಿಸಲು ಬಾರದ, ಕಾಲಡಿಗೆ ಸಿಕ್ಕು ಸತ್ತರೂ ಸತ್ತಿತೆಂದು ಯಾರಿಗೂ ತಿಳಿಯದ ಜೀವದ ಮೇಲೆ ಹುಟ್ಟುವ ದಯೆಯೇ ದಯೆಯ ನಿಜವಾದ ಅಳತೆ. ಅಂತಹ ಜೀವಕ್ಕೆ ಲೋಕವು ಇಟ್ಟಿರುವ ಹೆಸರು ಹುಳು. ‘ಅವನೊಂದು ಹುಳು’ ಎಂಬುದು ಬೈಗುಳವಾಗಿ ಬಳಕೆಯಲ್ಲಿರುವುದರಿಂದಲೇ ಆ ಜೀವಕ್ಕೆ ಮನುಷ್ಯನು ಕೊಟ್ಟಿರುವ ಬೆಲೆ ಎಷ್ಟೆಂಬುದು ಗೊತ್ತಾಗುತ್ತದೆ.

ಹಾಸನ ಸೀಮೆಯ ಒಬ್ಬ ಹಿಂದಿನ ಶಿಲ್ಪಿ ಮಾತ್ರ ಅದಕ್ಕೆ ಬೇರೆ ಬೆಲೆಯನ್ನು ಕಟ್ಟಿದನು. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡಿತು. ಅದರ ಹೊರಗೋಡೆಯ ಮೇಲೆ, ಸೂರಿನ ಕೆಳಗೆ ನಿಂತಿರುವ ಮದನಿಕೆಯರನ್ನು ನೋಡಲು ದೇಶವಿದೇಶಗಳ ಜನ ಬರುತ್ತಾರೆ. ಬಂದವರು ದರ್ಪಣಸುಂದರಿಯ ಕನ್ನಡಿಯನ್ನು ನೋಡುತ್ತಾರೆ, ನಾಟ್ಯಭಂಗಿಯನ್ನು ನೋಡುತ್ತಾರೆ. ಆ ಮದನಿಕೆಗಳಲ್ಲಿ ಒಂದರ ಮೇಲಣ ಬಳ್ಳಿಮಂಟಪದಲ್ಲಿ ಒಂದು ಹಣ್ಣಿದೆ. ಆ ಹಣ್ಣಿನ ಮೇಲೆ ಒಂದು ನೊಣ ಕುಳಿತಿದೆ. ಆ ನೊಣವನ್ನು ಹಿಡಿಯಲು ಒಂದು ಹಲ್ಲಿ ಹವಣಿಸುತ್ತಿದೆ. ತೋರಿಸುವವರಿಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುವಂತಹುದಲ್ಲ. ದೇವರ ಮಂದಿರದಲ್ಲಿ ನೊಣಕ್ಕೆ ಏನು ಕೆಲಸ ಎಂದು ಆ ಶಿಲ್ಪಿ ಕೇಳಲಿಲ್ಲ. ದೇವರ ಸೃಷ್ಟಿಯಲ್ಲಿ ಅದಕ್ಕೆ ಸ್ಥಾನವಿರುವಾಗ ದೇವರ ಮನೆಯ ಗೋಡೆಯಲ್ಲಿಯೂ ಸ್ಥಾನವಿರಬೇಕಾದುದು ನ್ಯಾಯವೆಂದು ಅವನ ಉಳಿಗೆ ತೋರಿರಬೇಕು.

ಆ ಕಲ್ಲಿನ ನೊಣ ಒಂಬತ್ತು ಶತಮಾನಗಳಿಂದ ಕ್ಷೇಮವಾಗಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಯ ಕಲ್ಲಿಗೆ ಕಾವಲಿದೆ, ಕಾನೂನಿದೆ. ಒಳ್ಳೆಯದೇ ಆಯಿತು. ಆದರೆ ದೇವಾಲಯದ ಪ್ರಾಕಾರವನ್ನು ದಾಟಿದೊಡನೆ ಹೊಲವಿದೆ, ತೋಟವಿದೆ, ಕೆರೆಯಿದೆ. ಅಲ್ಲಿ ಇರುವ ನೊಣ, ದುಂಬಿ, ಜೇನು, ಚಿಟ್ಟೆಗಳು ಕಲ್ಲಿನವಲ್ಲ, ಅವಕ್ಕೆ ಉಸಿರಿದೆ. ಉಸಿರಿಲ್ಲದ ನೊಣಕ್ಕೆ ರಕ್ಷಣೆಯೂ ಉಸಿರಿರುವ ನೊಣಕ್ಕೆ ವಿಷವೂ ದೊರೆಯುತ್ತಿರುವುದು ಈ ಕಾಲದ ವಿಪರ್ಯಾಸ. ವಚನಧರ್ಮವನ್ನು ನಂಬಿದ ಗೃಹಸ್ಥನು ಈ ವಿಪರ್ಯಾಸವನ್ನು ಒಮ್ಮೆ ನಿಂತು ನೋಡತಕ್ಕದ್ದು.

ಕೀಟಗಳು ಕಡಮೆಯಾಗುತ್ತಿವೆ ಎಂಬುದು ಬರಿಯ ಭಾವನೆಯ ಮಾತಲ್ಲ. ಜರ್ಮನಿ ದೇಶದಲ್ಲಿ 63 ಸಂರಕ್ಷಿತ ಪ್ರದೇಶಗಳಲ್ಲಿ ಹಾರುವ ಕೀಟಗಳನ್ನು ಬಲೆಯಲ್ಲಿ ಹಿಡಿದು ತೂಗುತ್ತ ಬಂದವರು, 27 ವರ್ಷಗಳಲ್ಲಿ ಆ ತೂಕವು ನೂರಕ್ಕೆ 76ರಷ್ಟು ಇಳಿದಿತೆಂದು 2017ರಲ್ಲಿ ಪ್ರಕಟಿಸಿದರು. ಅದು ಕಾರ್ಖಾನೆಯ ಬಯಲಿನ ಲೆಕ್ಕವಲ್ಲ, ಕಾಪಾಡಿಕೊಂಡು ಬಂದ ನೆಲದ ಲೆಕ್ಕ. ದಕ್ಷಿಣ ಭಾರತವೂ ಇಂತಹ ಒಂದು ಪೆಟ್ಟನ್ನು ತಿಂದಿದೆ. 1991-92ರ ಸುಮಾರಿಗೆ ‘ಥಾಯ್ ಸ್ಯಾಕ್‌ಬ್ರೂಡ್’ ಎಂಬ ವೈರಾಣುರೋಗವು ಹಬ್ಬಿ, ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನಿನ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಮಲೆನಾಡಿನ ಎಷ್ಟೋ ಮನೆಗಳ ಹಿತ್ತಲಿನಲ್ಲಿ ಜೇನುಪೆಟ್ಟಿಗೆಗಳು ಬರಿದಾಗಿ ನಿಂತವು. ರೋಗವು ದೈವಾಧೀನ ಎನ್ನಬಹುದು. ಆದರೆ ರೋಗದಿಂದ ಅಳಿದುಳಿದ ಕುಟುಂಬಗಳು ಮತ್ತೆ ಬೆಳೆಯಬೇಕಾದರೆ ಹೂವೂ ಮರದ ಪೊಟರೆಯೂ ವಿಷವಿಲ್ಲದ ಗಾಳಿಯೂ ಬೇಕು. ಅವನ್ನು ಕೊಡುವುದು, ಕೊಡದಿರುವುದು ಮನುಷ್ಯನ ಕೈಯಲ್ಲಿದೆ.

ಶರಣರು ಕಾಯಕವನ್ನು ಕೈಲಾಸದ ಎತ್ತರಕ್ಕೆ ಏರಿಸಿದವರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಅವರ ನಿಲುವಿನಿಂದ ನೋಡಿದರೆ ಕೀಟಗಳ ಲೋಕವೇ ಒಂದು ಕಾಯಕದ ಮಹಾಮನೆಯಾಗಿ ಕಾಣುತ್ತದೆ. ಅರಸೀಕೆರೆಯ ಸೀಮೆ ಮಳೆ ಕಡಮೆಯಾದ ಬಯಲು. ಅಲ್ಲಿಯ ಸಂಸಾರಗಳನ್ನು ಹೊತ್ತು ನಿಂತಿರುವುದು ತೆಂಗಿನ ಮರ. ಎತ್ತರದ ತಳಿಯ ತೆಂಗಿನ ಹೊಂಬಾಳೆಯಲ್ಲಿ ಗಂಡುಹೂಗಳು ಮೊದಲು ಅರಳಿ ಉದುರುತ್ತವೆ. ಹೆಣ್ಣುಹೂಗಳು ಅನಂತರ ಪಕ್ವವಾಗುತ್ತವೆ. ತನ್ನ ಹೊಂಬಾಳೆಯ ಪರಾಗ ತನಗೇ ಒದಗುವುದು ಅಪರೂಪ. ಬೇರೆ ಮರದಿಂದ ಅದು ಬರಬೇಕು. ತರುವವರು ಇಬ್ಬರು: ಒಂದು ಗಾಳಿ, ಇನ್ನೊಂದು ಜೇನು ಮೊದಲಾದ ಕೀಟಗಳು. ಲಿಂಗದ ಮುಂದೆ ಒಡೆಯುವ ಕಾಯಿಯ ಹಿಂದೆ ಇಂತಹ ಒಂದು ಕಣ್ಣಿಗೆ ಕಾಣದ ದಾಸೋಹವಿದೆ.

ಅರಸೀಕೆರೆಯ ಬಯಲನ್ನು ಬಿಟ್ಟು ಪಡುವಲಿಗೆ ಬೇಲೂರಿನ ಕಡೆ ನಡೆದರೆ ನೆಲ ತಂಪಾಗುತ್ತದೆ, ಕಾಫಿಯ ತೋಟಗಳು ಎದುರಾಗುತ್ತವೆ. ಬೇಸಿಗೆಯ ಹೂಮಳೆ ಬಿದ್ದ ಕೆಲವು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು. ರೊಬಸ್ಟಾ ಕಾಫಿಗೆ ಅದು ಸಾಧ್ಯವಿಲ್ಲ, ನೆರೆಯ ಗಿಡದ ಪರಾಗ ಬಂದೇ ತೀರಬೇಕು. ಆ ಕೆಲವು ದಿನಗಳಲ್ಲಿ ಹೆಜ್ಜೇನು, ತುಡುವೆ, ಕೋಲುಜೇನುಗಳು ಮಾಡುವ ಕೆಲಸವನ್ನು ಯಾವ ಆಳೂ ಮಾಡಲಾರನು, ಯಾವ ಯಂತ್ರವೂ ಮಾಡಲಾರದು. ಏಲಕ್ಕಿಯಂತೂ ಬಹುಮಟ್ಟಿಗೆ ಜೇನನ್ನೇ ನಂಬಿದ ಬೆಳೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಪ್ರಮಾಣದಲ್ಲಿ ಇಂತಹ ಜೀವಿಗಳ ಪರಾಗಸೇವೆಯನ್ನು ಅವಲಂಬಿಸಿವೆಯೆಂದು ಅನೇಕ ರಾಷ್ಟ್ರಗಳ ವಿಜ್ಞಾನಿಗಳು ಕೂಡಿ 2016ರಲ್ಲಿ ನಿರ್ಣಯಿಸಿದರು.

ಪರಾಗಸೇವೆ ಒಂದೇ ಅಲ್ಲ. ಸಗಣಿಹುಳು ಗೋಮಯವನ್ನು ಉಂಡೆಮಾಡಿ ಮಣ್ಣಿನೊಳಗೆ ಇಳಿಸುತ್ತದೆ, ನೆಲ ಸಾರವಾಗುತ್ತದೆ. ಗೆದ್ದಲು ಒಣಗಿದ ಕಡ್ಡಿ ಕಸವನ್ನು ಅರಗಿಸಿ ಮಣ್ಣಿಗೆ ಮರಳಿಸುತ್ತದೆ. ಹಳೇಬೀಡಿನ ದ್ವಾರಸಮುದ್ರದ ಕೆರೆಯಂತಹ ನೀರಿನ ಮೇಲೆ ಹಾರಾಡುವ, ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟವು ಸೊಳ್ಳೆಗಳನ್ನು ಬೇಟೆಯಾಡುತ್ತದೆ. ನೀರಿನೊಳಗಿರುವ ಅದರ ಮರಿಯು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಗುಬ್ಬಿಯು ಕಾಳು ತಿನ್ನುವ ಹಕ್ಕಿಯಾದರೂ ತನ್ನ ಮರಿಗೆ ಮೊದಲು ಉಣಿಸುವುದು ಹುಳುವನ್ನು. ಹುಳುವಿಲ್ಲದ ಊರಿನಲ್ಲಿ ಹಕ್ಕಿಯ ಗೂಡು ಬರಿದಾಗುತ್ತದೆ. ಇವು ಯಾವುವೂ ಕೂಲಿ ಕೇಳಿದ ಜೀವಗಳಲ್ಲ. ಕೂಲಿಯಿಲ್ಲದೆ ದುಡಿಯುವವನನ್ನು ಹೊಡೆದು ಅಟ್ಟುವ ಯಜಮಾನನಿಗೆ ಲೋಕ ಏನೆನ್ನುವುದೋ ಅದನ್ನೇ ಮನುಷ್ಯಕುಲವೂ ಕೇಳಬೇಕಾಗಿದೆ.

ಈ ಜೀವಗಳು ಏಕೆ ಅಳಿಯುತ್ತಿವೆ? ಮೊದಲನೆಯ ಕಾರಣ ವಿಷ. ಅಮೆರಿಕದ ರೇಚಲ್ ಕಾರ್ಸನ್ ಎಂಬ ವಿದುಷಿ 1962ರಲ್ಲಿಯೇ ಕೀಟನಾಶಕಗಳ ಅವಿವೇಕದ ಬಳಕೆಯನ್ನು ಕುರಿತು ಗ್ರಂಥ ಬರೆದು ಜಗತ್ತನ್ನು ಎಚ್ಚರಿಸಿದರು. ಕನ್ನಡಿಗರು ಬಾಳುವ ಕಾಸರಗೋಡಿನ ಸೀಮೆಯಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸುರಿಸಲಾಯಿತು. ಒಂದು ಸೊಳ್ಳೆಯಷ್ಟು ಗಾತ್ರದ ಕೀಟವನ್ನು ಕೊಲ್ಲಲೆಂದು ಸುರಿದ ಆ ವಿಷದ ಕೆಳಗೆ ಬಾಳಿದ ಮನೆಗಳಲ್ಲಿ ಅಂಗವಿಕಲತೆ, ಬುದ್ಧಿಮಾಂದ್ಯಗಳಿಂದ ನರಳುವ ಮಕ್ಕಳನ್ನು ನಾಡೆಲ್ಲ ಕಂಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲಿ ನಿಷೇಧಿಸಿತು. ವಿಷಕ್ಕೆ ಹುಳು ಬೇರೆ, ಮಗು ಬೇರೆ ಎಂಬ ವಿವೇಕವಿಲ್ಲ. ಆ ವಿವೇಕ ಅದನ್ನು ಹಿಡಿದ ಕೈಗೆ ಇರಬೇಕು.

ಈಚಿನ ಕೆಲವು ವಿಷಗಳು ಎಲೆಯ ಮೇಲೆ ನಿಲ್ಲುವುದಿಲ್ಲ. ಬೀಜಕ್ಕೆ ಲೇಪಿಸಿದರೆ ಗಿಡದ ರಸದಲ್ಲಿ ಸೇರಿ ಹೂವಿನ ಮಕರಂದದವರೆಗೂ ಏರುತ್ತವೆ. ಹೂವಿಗೆ ಬಂದ ಜೇನು ಅಮೃತವೆಂದು ವಿಷವನ್ನು ಒಯ್ಯುತ್ತದೆ. ಇಂತಹ ಮೂರು ವಿಷಗಳನ್ನು ಬಯಲಿನ ಬೆಳೆಗಳಿಗೆ ಬಳಸಬಾರದೆಂದು ಐರೋಪ್ಯ ಒಕ್ಕೂಟವು 2018ರಲ್ಲಿ ಕಟ್ಟಳೆ ಮಾಡಿತು. ಎರಡನೆಯ ಕಾರಣ ಆಸರೆಯ ನಾಶ. ಹೊಲದ ಬದುವಿನ ಕಳೆಗೆ ಔಷಧ ಹೊಡೆದು ಬೋಳುಮಾಡುವುದು, ಹಸಿರು ಬೇಲಿಯನ್ನು ಕಿತ್ತು ತಂತಿ ಎಳೆಯುವುದು, ಕಾಫಿ ತೋಟದ ಅತ್ತಿ, ಹಲಸು ಮುಂತಾದ ನೆರಳಿನ ಮರಗಳನ್ನು ಕಡಿದು ಸಾಲಾಗಿ ಸಿಲ್ವರ್ ಓಕ್ ಒಂದನ್ನೇ ನೆಡುವುದು, ಇವೆಲ್ಲವೂ ಕೀಟದ ಮನೆಯನ್ನೂ ಅನ್ನವನ್ನೂ ಕಸಿಯುವ ಕೆಲಸಗಳು. ಮೂರನೆಯ ಕಾರಣ ಬೆಳಕು. ಮಿಂಚುಹುಳು ತನ್ನ ಸಂಗಾತಿಯನ್ನು ಕರೆಯುವುದು ಬೆಳಕಿನ ಸನ್ನೆಯಿಂದ. ಇರುಳೆಲ್ಲ ಉರಿಯುವ ದೀಪಗಳ ನಡುವೆ ಆ ಸನ್ನೆ ಕಾಣದಾಗುತ್ತದೆ. ಕರೆ ಮುಟ್ಟದ ಮೇಲೆ ಕುಲ ಬೆಳೆಯದು.

ಇಲ್ಲಿಗೆ ಒಬ್ಬ ಗೃಹಸ್ಥನು ಎದ್ದು ಕೇಳಬಹುದು: ‘ಮಾತು ಚೆನ್ನಾಗಿದೆ. ಆದರೆ ತೋಟಕ್ಕೆ ಹುಳು ಬಿದ್ದು ಗರಿಗಳು ಸುಟ್ಟಂತಾಗಿವೆ. ಸಾಲವಿದೆ, ಮಗಳ ಮದುವೆಯಿದೆ. ದಯೆಯನ್ನು ನೋಡಿಕೊಂಡು ಕೂತರೆ ಮನೆ ಉಳಿಯುವುದೆ?’ ಈ ಪ್ರಶ್ನೆ ಸುಳ್ಳಲ್ಲ. ಇದಕ್ಕೆ ಉತ್ತರ ಹೇಳದೆ ದಯೆಯನ್ನು ಬೋಧಿಸುವವನು ಹಸಿದವನಿಗೆ ಉಪವಾಸವನ್ನು ಬೋಧಿಸಿದಂತೆ. ಶರಣಧರ್ಮವು ಸಂಸಾರವನ್ನು ಬಿಟ್ಟು ಓಡಿದವರ ಧರ್ಮವಲ್ಲ. ಬೆಳೆಯನ್ನು ಕಾಯುವುದೂ ಕಾಯಕವೇ. ಆದುದರಿಂದ ಈ ಪ್ರಶ್ನೆಯನ್ನು ಒಂದು ದೃಷ್ಟಾಂತದಿಂದ ಬಿಡಿಸಿ ನೋಡಬಹುದು.

ಅರಸೀಕೆರೆಯ ಕಡೆಯ ಒಬ್ಬ ತೆಂಗು ಬೆಳೆಗಾರನಿದ್ದಾನೆಂದು ಭಾವಿಸೋಣ. ಅವನ ತೋಟದ ಗರಿಗಳ ಅಡಿಯಲ್ಲಿ ಬಿಳಿನೊಣ ಕೂತಿದೆ. ಗರಿಯ ಮೇಲೆಲ್ಲ ಅಂಟು ಸುರಿದು ಕಪ್ಪು ಬೂಷ್ಟು ಹಿಡಿದಿದೆ. ಅವನು ಅಂಗಡಿಗೆ ಹೋಗಿ ಎಲ್ಲಕ್ಕಿಂತ ಕಟುವಾದ ವಿಷವನ್ನು ತಂದು ಜಗಲಿಯ ಮೇಲಿಟ್ಟನು. ಮುದುಕಿಯಾದ ತಾಯಿ ಕೇಳಿದಳು: ‘ಮಗಾ, ಇದನ್ನು ಹೊಡೆದರೆ ಆ ಹುಳು ಒಂದೇ ಸಾಯ್ತದೋ, ಎಲ್ಲಾ ಸಾಯ್ತವೋ?’ ‘ಎಲ್ಲಾ ಸಾಯ್ತವೆ ಕಣವ್ವಾ’ ಎಂದು ಅವನು ಹೆಮ್ಮೆಯಿಂದ ಹೇಳಿದನು. ‘ಹಂಗಾದ್ರೆ ಅದನ್ನು ತಿನ್ನೋದೂ ಸಾಯ್ತದಲ್ಲಪ್ಪಾ’ ಎಂದಳು ತಾಯಿ. ಮಗನಲ್ಲಿ ಉತ್ತರವಿರಲಿಲ್ಲ.

ಆ ತಾಯಿಯ ಬಾಯಿಂದ ಬಂದ ಮಾತು ವಿಜ್ಞಾನದ ಮಾತೂ ಹೌದು. ತೆಂಗಿನ ಈ ಸುರುಳಿ ಬಿಳಿನೊಣ ಹೊರದೇಶದಿಂದ ಬಂದುದು. ಭಾರತದಲ್ಲಿ ಮೊದಲು ಕಂಡುಬಂದದ್ದು 2016ರಲ್ಲಿ. ಅದರ ಹಿಂದೆಯೇ ಎನ್‌ಕಾರ್ಸಿಯಾ ಎಂಬ ಪರತಂತ್ರ ಕಣಜವೂ ತೋಟಗಳಲ್ಲಿ ಕಾಣಿಸಿಕೊಂಡಿತು. ಅದು ಸಾಸಿವೆ ಕಾಳಿಗಿಂತಲೂ ಚಿಕ್ಕದು. ಬಿಳಿನೊಣದ ಮರಿಯ ಮೈಯಲ್ಲಿ ತನ್ನ ಮೊಟ್ಟೆಯನ್ನಿಟ್ಟು ಅದನ್ನು ಅಡಗಿಸುತ್ತದೆ. ಆದಕಾರಣವೇ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮೊದಲಾದ ಸಂಸ್ಥೆಗಳ ವಿಜ್ಞಾನಿಗಳು, ಈ ಬಾಧೆಗೆ ರಾಸಾಯನಿಕ ಕೀಟನಾಶಕವನ್ನು ಸಿಂಪಡಿಸಬೇಡಿರಿ, ಸಿಂಪಡಿಸಿದರೆ ಮಿತ್ರಕೀಟವೇ ಮೊದಲು ಸಾಯುತ್ತದೆ ಎಂದು ತಿಳಿಸುತ್ತ ಬಂದಿದ್ದಾರೆ. ಎನ್‌ಕಾರ್ಸಿಯಾ ಕೂತ ಗರಿಗಳನ್ನು ಅದು ಇಲ್ಲದ ತೋಟಕ್ಕೆ ಒಯ್ದು ಕಟ್ಟುವುದು, ಗರಿಗಳಿಗೆ ನೀರನ್ನು ರಭಸವಾಗಿ ಹಾಯಿಸುವುದು, ಬೂಷ್ಟಿಗೆ ಗಂಜಿಯ ತಿಳಿಯನ್ನು ಸಿಂಪಡಿಸುವುದು ಇವೇ ಅವರ ಉಪದೇಶ.

ಗರಿಯನ್ನು ಸುಟ್ಟಂತೆ ಮಾಡುವ ಕಪ್ಪು ತಲೆ ಹುಳುವಿನ ಕಥೆಯೂ ಇದೇ. ಗೋನಿಯೋಜಸ್ ಎಂಬ ಚಿಕ್ಕ ಕಣಜವು ಆ ಹುಳುವನ್ನು ಹುಡುಕಿ ಕುಟುಕಿ ನಿಶ್ಚೇಷ್ಟಿತಗೊಳಿಸಿ, ಅದರ ಮೇಲೆ ಮೊಟ್ಟೆಯಿಟ್ಟು, ಮರಿಗಳು ಬೆಳೆಯುವವರೆಗೆ ಪಕ್ಕದಲ್ಲಿಯೇ ಕಾವಲು ಕೂರುತ್ತದೆ. ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ಇಂತಹ ಕಣಜಗಳನ್ನು ಬೆಳೆಸಿ ತೋಟಗಳಿಗೆ ಬಿಡುವ ಪದ್ಧತಿಯಿದೆ. ಅಕ್ಕಪಕ್ಕದ ತೋಟದವರು ಕೂಡಿ ಬಿಟ್ಟರೆ ಫಲ ಹೆಚ್ಚು. ಒಬ್ಬನು ಕಣಜವನ್ನು ಬಿಟ್ಟು ಇನ್ನೊಬ್ಬನು ವಿಷವನ್ನು ಸುರಿದರೆ ಇಬ್ಬರಿಗೂ ಫಲವಿಲ್ಲ. ಶರಣರ ಸಂಗವೆಂಬುದು ಅನುಭವಮಂಟಪಕ್ಕೆ ಮಾತ್ರ ಬೇಕಾದುದಲ್ಲ, ತೆಂಗಿನ ತೋಟಕ್ಕೂ ಬೇಕು.

ಹುಳುವನ್ನು ಹುಳು ತಿನ್ನುವುದೂ ಹಿಂಸೆಯಲ್ಲವೆ ಎಂಬ ಸಂಶಯ ಬರಬಹುದು. ಬೇಲೂರಿನ ಹಲ್ಲಿಯನ್ನು ಇಲ್ಲಿ ನೆನೆಯಬೇಕು. ಹಲ್ಲಿ ಬಯಸುವುದು ಒಂದು ನೊಣವನ್ನು, ನೊಣದ ಕುಲನಾಶವನ್ನಲ್ಲ. ಅದರ ಹಸಿವಿಗೆ ಒಂದು ಅಳತೆಯಿದೆ. ಹೊಟ್ಟೆ ತುಂಬಿದ ಹಲ್ಲಿ ಸುಮ್ಮನಾಗುತ್ತದೆ. ಅಳತೆ ಮೀರಿದ ಹಸಿವು ಸೃಷ್ಟಿಯಲ್ಲಿ ಮನುಷ್ಯನೊಬ್ಬನಿಗೇ ಇದೆ. ಅವನು ಒಂದು ಹುಳುವಿನ ಮೇಲಣ ಸಿಟ್ಟಿಗೆ ತೋಟದ ಸಮಸ್ತ ಜೀವವನ್ನು ಸುಡುತ್ತಾನೆ. ಅವಶ್ಯಕವಾದುದನ್ನು ಅಷ್ಟರಮಟ್ಟಿಗೆ ಮಾಡುವುದು ಲೋಕಸ್ಥಿತಿ. ಅವಶ್ಯಕತೆಯನ್ನು ಮೀರಿ, ಕಣ್ಣುಮುಚ್ಚಿ ಕೊಲ್ಲುವುದು ಅಧರ್ಮ. ಬಸವಣ್ಣನವರು ಹೇಳಿದ ಏಳು ನಡೆಗಳಲ್ಲಿ ಕೊಲೆಯ ನಿಷೇಧವು ಕಳವಿನ ನಿಷೇಧದ ಬೆನ್ನಿಗೇ ಬಂದಿದೆ. ಬೇಡದ ಕೊಲೆಯೂ ಒಂದು ಬಗೆಯ ಕಳವೇ. ಅದು ಸೃಷ್ಟಿಕರ್ತನ ಭಂಡಾರದಿಂದ ಮಾಡುವ ಕಳವು.

ಈ ಅಳತೆಯ ವಿವೇಕಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಗಿಂತ ಉತ್ತಮ ನಿದರ್ಶನವಿಲ್ಲ. ಕಲ್ಯಾಣದಲ್ಲಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಬಡತನದ ಮನೆ, ಹೆಚ್ಚು ಬಂದರೆ ಹಿಗ್ಗಬೇಕಾದ ಹೊತ್ತು. ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟು ನಮಗೇಕೆ ಬೇಕು, ಇದು ಆಸೆಯ ಅಕ್ಕಿ ಎಂದು ಹೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದರು. ಮಾರಯ್ಯನವರು ತಂದುದು ಕದ್ದ ಅಕ್ಕಿಯಲ್ಲ, ನೆಲದ ಮೇಲೆ ಬಿದ್ದ ಅಕ್ಕಿ. ಆದರೂ ಅದು ಹಕ್ಕಿಗೆ, ಇರುವೆಗೆ, ಇನ್ನೊಬ್ಬ ಬಡವನಿಗೆ ಸೇರಬೇಕಾದ ಪಾಲು. ಹೊಲದ ಬದುವಿನ ಒಂದು ಮೊಳ ನೆಲವನ್ನೂ ಬಿಡದೆ ಉಳುವವನು, ಒಂದು ಕಾಯಿ ಹುಳುಕಾಗಬಾರದೆಂದು ಹತ್ತು ಸಲ ವಿಷ ಹೊಡೆಯುವವನು ಆ ತಾಯಿಯ ಮುಂದೆ ನಿಂತರೆ ಏನು ಕೇಳಿಸಿಕೊಳ್ಳಬೇಕಾಗುವುದೋ ಯೋಚಿಸಬೇಕು.

ಅಕ್ಕಮಹಾದೇವಿಯವರು ರೇಷ್ಮೆಯ ಹುಳುವನ್ನು ಉಪಮಾನವಾಗಿ ತೆಗೆದುಕೊಂಡು, ತನ್ನ ನೂಲಿನಿಂದಲೇ ಮನೆ ಕಟ್ಟಿ ಆ ನೂಲೇ ಸುತ್ತಿಕೊಂಡು ಅದು ಸಾಯುವ ಬಗೆಯನ್ನು ಮನುಷ್ಯನ ಆಸೆಗೆ ಹೋಲಿಸಿದರು. ಎಂಟು ಶತಮಾನಗಳು ಕಳೆದ ಮೇಲೆ ಆ ಮಾತು ಅಕ್ಷರಶಃ ನಿಜವಾಗುತ್ತಿದೆ. ಹೆಚ್ಚು ಬೆಳೆಯ ಆಸೆಗೆ ಹೊಡೆದ ವಿಷ ಮಿತ್ರಕೀಟವನ್ನು ಕೊಂದಿತು. ಮಿತ್ರಕೀಟವಿಲ್ಲದೆ ಶತ್ರುಕೀಟ ಬೆಳೆಯಿತು. ಬೆಳೆದುದನ್ನು ಕೊಲ್ಲಲು ಇನ್ನೂ ಕಟುವಾದ ವಿಷ ಬಂದಿತು. ಅದರ ಬೆಲೆಗೆ ಸಾಲ ಬಂದಿತು. ನೂಲು ಸುತ್ತುತ್ತಲೇ ಇದೆ. ಅದೇ ಅಕ್ಕ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಕಾಡಿನಲ್ಲಿ ನಡೆದಾಗ ಗಿಳಿ, ಕೋಗಿಲೆ, ನವಿಲುಗಳನ್ನು ಕೇಳಿದಂತೆಯೇ ತುಂಬಿಗಳನ್ನೂ ದಾರಿ ಕೇಳಿದರು. ದೇವರ ವಿಳಾಸವನ್ನು ಕೇಳಲು ತಕ್ಕ ಜೀವಗಳೆಂದು ಅಕ್ಕ ತಿಳಿದ ತುಂಬಿಗಳು ಇಲ್ಲದಾದರೆ, ಮುಂದಿನವರು ಯಾರನ್ನು ಕೇಳಬೇಕು?

ಭಕ್ತನ ಪೂಜೆಯ ತಟ್ಟೆಯನ್ನು ಒಮ್ಮೆ ಶಾಂತವಾಗಿ ನೋಡಿದರೆ ಈ ಸಂಬಂಧ ಇನ್ನೂ ಹತ್ತಿರವಾಗುತ್ತದೆ. ಶಿವನಿಗೆ ಪ್ರಿಯವಾದ ತುಂಬೆ ಹೂವು ಯಾರೂ ನೆಡದ ಗಿಡದ ಹೂವು. ಅದು ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುತ್ತದೆ. ಜೇನೂ ಚಿಟ್ಟೆಯೂ ಅದರ ಮಕರಂದಕ್ಕೆ ಮುತ್ತುತ್ತವೆ. ಕಳೆನಾಶಕ ಹೊಡೆದ ಬದುವಿನಲ್ಲಿ ತುಂಬೆಯಿಲ್ಲ. ದೇವರಿಗೂ ಇಲ್ಲ, ಜೇನಿಗೂ ಇಲ್ಲ. ಎಕ್ಕದ ಹೂವಿನ ಪರಾಗವು ಗಂಟಾಗಿ ಅಂಟಿಕೊಂಡಿರುತ್ತದೆ. ಅದನ್ನು ಹೊತ್ತೊಯ್ಯಲು ದೊಡ್ಡ ಕರಿದುಂಬಿಯಂತಹ ಬಲಶಾಲಿಯೇ ಬೇಕು. ಆ ದುಂಬಿ ಒಣಗಿದ ಮರದ ಕೊಂಬೆಯನ್ನು ಕೊರೆದು ಮನೆ ಮಾಡುತ್ತದೆ. ಬಿಲ್ವದ ಎಳೆಯ ಎಲೆಯನ್ನು ನಿಂಬೆಯ ಚಿಟ್ಟೆಯ ಮರಿಹುಳು ತಿನ್ನುತ್ತದೆ. ಹುಳು ಮುಟ್ಟಿದ ದಳವನ್ನು ಪೂಜೆಗೆ ಏರಿಸುವುದಿಲ್ಲ ನಿಜ. ಆದರೆ ಅದಕ್ಕಾಗಿ ಬಿಲ್ವದ ಮರಕ್ಕೆ ವಿಷ ಹೊಡೆದು, ಆ ವಿಷದ ದಳವನ್ನು ಲಿಂಗದ ಮೇಲಿಡುವುದು ಯಾವ ಶುಚಿತ್ವ? ಒಳ್ಳೆಯ ದಳವನ್ನು ಆಯ್ದುಕೊಂಡು ಉಳಿದುದನ್ನು ಹುಳುವಿಗೆ ಬಿಟ್ಟರೆ ಅದೇ ದಾಸೋಹ. ಆ ಹುಳುವೇ ನಾಳೆ ಚಿಟ್ಟೆಯಾಗಿ ಹಿತ್ತಲಿನ ಹೂವಿನ ಮೇಲೆ ಕೂರುವುದು.

ಹರಿಹರ ಮಹಾಕವಿಯು ದ್ವಾರಸಮುದ್ರದಲ್ಲಿ, ಎಂದರೆ ಈಗಿನ ಹಳೇಬೀಡಿನಲ್ಲಿ, ಹೊಯ್ಸಳ ಅರಸನ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಲೆಕ್ಕದ ಕಡತವನ್ನು ಬಿಟ್ಟು ಹಂಪೆಗೆ ಹೋಗಿ ವಿರೂಪಾಕ್ಷನ ಸೇವೆಗೆ ನಿಂತ ಆ ಕವಿ, ಪೂಜೆಗೆ ಹೂ ಕೊಯ್ಯುವ ಕಾಯಕವನ್ನೇ ವಸ್ತುವಾಗಿಸಿ ‘ಪುಷ್ಪರಗಳೆ’ಯನ್ನು ರಚಿಸಿದನು. ಹೂವನ್ನು ನೋಯಿಸದಂತೆ ಕೊಯ್ಯಬೇಕೆಂಬುದು ಅವನ ಭಕ್ತಿಯ ಸೂಕ್ಷ್ಮತೆ. ಹಳೇಬೀಡಿನ ಪಕ್ಕದಲ್ಲಿಯೇ ಮಲ್ಲಿಕಾರ್ಜುನನು ನೆಲಸಿದ ಬೆಟ್ಟಕ್ಕೆ ಪುಷ್ಪಗಿರಿಯೆಂದು ಹೆಸರು. ಹೂವಿನ ಹೆಸರಿನ ಬೆಟ್ಟದ ಸುತ್ತಿನ ನೆಲದಲ್ಲಿ ಹೂವೂ ಹೂವನ್ನು ಅರಸಿ ಬರುವ ಜೀವವೂ ಉಳಿಯಬೇಕಾದುದು ಆ ಸೀಮೆಯ ಮರ್ಯಾದೆಯ ಪ್ರಶ್ನೆ.

ಹಾಗಾದರೆ ಸದ್ಭಕ್ತನಾದ ಗೃಹಸ್ಥನು ಏನು ಮಾಡತಕ್ಕದ್ದು? ದೊಡ್ಡ ಸಾಹಸವೇನೂ ಬೇಡ. ಮೊದಲನೆಯದಾಗಿ, ಬೆಳೆ ಹೂವಿನಲ್ಲಿರುವಾಗ ವಿಷವನ್ನು ಮುಟ್ಟಬಾರದು. ಅನಿವಾರ್ಯವಾದರೆ ಬಾಧೆಯಿರುವ ಗಿಡಕ್ಕೆ ಮಾತ್ರ, ಹೇಳಿದ ಪ್ರಮಾಣವನ್ನು ಮೀರದೆ, ಜೇನುಗಳು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ ಬಳಸತಕ್ಕದ್ದು. ಅದಕ್ಕೂ ಮೊದಲು ಬೇವಿನ ಕಷಾಯ, ಮೋಹಕ ಬಲೆ, ಮಿತ್ರಕೀಟಗಳ ದಾರಿಯನ್ನು ಕೃಷಿ ಬಲ್ಲವರಿಂದ ಕೇಳಿ ತಿಳಿಯತಕ್ಕದ್ದು. ಎರಡನೆಯದಾಗಿ, ಹೊಲದ ಬದುವಿನಲ್ಲಿ ಒಂದು ಪಟ್ಟೆಯನ್ನಾದರೂ ಉಳದೆ, ಕಳೆನಾಶಕ ಹೊಡೆಯದೆ, ತುಂಬೆ ಮೊದಲಾದ ಗಿಡಗಳಿಗೆ ಬಿಡತಕ್ಕದ್ದು; ಬೇಲಿಯ ಸಾಲಿನಲ್ಲಿ ಹೊಂಗೆ, ಬೇವು, ನೇರಳೆಗಳನ್ನು ನೆಡತಕ್ಕದ್ದು. ಮೂರನೆಯದಾಗಿ, ತೋಟದ ಒಂದು ಮೂಲೆಯಲ್ಲಿ ಒಣಮರದ ಕೊರಡನ್ನೂ ತರಗೆಲೆಯನ್ನೂ ಹಾಗೆಯೇ ಇರಗೊಡಬೇಕು. ಅದು ಎಷ್ಟೋ ಜೀವಗಳ ಮನೆ. ಆದರೆ ಗೊಬ್ಬರದ ಗುಂಡಿಯನ್ನು ಆಗಾಗ ತಿರುವಿ ನೋಡಬೇಕು. ತೆಂಗನ್ನು ಕೊರೆಯುವ ಕೊಂಬಿನ ದುಂಬಿ ಬೆಳೆಯುವುದು ಅಲ್ಲಿ. ನಾಲ್ಕನೆಯದಾಗಿ, ಹೆಜ್ಜೇನಿನ ಹುಟ್ಟಿಗೆ ಬೆಂಕಿಯಿಟ್ಟು ಜೇನು ಕೀಳುವವರನ್ನು ತಡೆಯಬೇಕು. ಶಕ್ತಿಯಿದ್ದವರು ಹಿತ್ತಲಿನಲ್ಲಿ ತುಡುವೆಯ ಪೆಟ್ಟಿಗೆಯನ್ನಿಡಬೇಕು. ಐದನೆಯದಾಗಿ, ಮಲಗುವ ಮುನ್ನ ಅಂಗಳದ ಬೇಡದ ದೀಪವನ್ನು ಆರಿಸಬೇಕು. ಪೂಜೆಯ ದೀಪವೊಂದು ಸಾಕು. ಹೊರಗಿನ ಕತ್ತಲೆ ಮಿಂಚುಹುಳುವಿಗೆ ಸೇರಿದುದು.

ಸೊಳ್ಳೆಯಂತಹ ರೋಗವಾಹಕಗಳ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಮಗುವಿಗೆ ಡೆಂಗಿ ಜ್ವರ ಬರಲಿ ಎಂದು ಯಾವ ದಯೆಯೂ ಹೇಳುವುದಿಲ್ಲ. ಆದರೆ ಅಲ್ಲಿಯೂ ನಿಂತ ನೀರನ್ನು ಚೆಲ್ಲುವುದು, ತೊಟ್ಟಿಯನ್ನು ಮುಚ್ಚುವುದು, ಪರದೆ ಕಟ್ಟುವುದು ಮೊದಲ ಮದ್ದು. ಮೊಟ್ಟೆಯಿಡಲು ಎಡೆಗೊಡದಿದ್ದರೆ ಕೊಲ್ಲುವ ಪ್ರಸಂಗವೇ ಬರುವುದಿಲ್ಲ. ಶುಚಿತ್ವವು ಅಹಿಂಸೆಯ ಅಕ್ಕ.

ಕೊನೆಯದಾಗಿ ಒಂದು ಮಾತು. ಸ್ಥಾವರ ಜಂಗಮಗಳ ವಿವೇಕವನ್ನು ಬಸವಣ್ಣನವರು ಭಕ್ತನ ಎದೆಯಲ್ಲಿ ಆಳವಾಗಿ ನೆಟ್ಟರು. ಕಟ್ಟಿ ನಿಲ್ಲಿಸಿದುದಕ್ಕಿಂತ ನಡೆದಾಡುವ ಚೈತನ್ಯ ಹಿರಿದು ಎಂಬುದು ಆ ವಿವೇಕ. ಹುಳುವನ್ನು ಜಂಗಮವೆಂದು ಪೂಜಿಸಬೇಕೆಂಬುದು ಇದರ ಅರ್ಥವಲ್ಲ. ಚೈತನ್ಯವು ಎಷ್ಟು ಚಿಕ್ಕ ಒಡಲಿನಲ್ಲಿದ್ದರೂ ಅದನ್ನು ಅಲಕ್ಷಿಸಿ ಕಲ್ಲನ್ನು ಮಾತ್ರ ಕಾಯುವುದು ಆ ಬೋಧೆಯನ್ನು ಮರೆತಂತೆ ಎಂಬುದಷ್ಟೇ ಇಲ್ಲಿಯ ಅಭಿಪ್ರಾಯ. ಬೇಲೂರಿನ ಶಿಲ್ಪಿ ಕಲ್ಲಿನಲ್ಲಿ ನೊಣವನ್ನು ಕಡೆದನು; ಏಕೆಂದರೆ ಅವನ ಕಣ್ಣೆದುರಿಗೆ ಜೀವಂತ ನೊಣವಿತ್ತು, ಅವನಿಗೆ ಅದನ್ನು ನೋಡುವ ಬಿಡುವಿತ್ತು. ಮುಂದೊಂದು ದಿನ ಒಬ್ಬ ಮಗು ಆ ಶಿಲ್ಪದ ಕೆಳಗೆ ನಿಂತು, ‘ಅಪ್ಪಾ, ಇದೇನು?’ ಎಂದು ಕೇಳಿದರೆ, ತಂದೆಯು ಕೈ ಚಾಚಿ ಹತ್ತಿರದ ಹೂವಿನ ಗಿಡದ ಕಡೆಗೆ ತೋರಿಸುವಂತಿರಬೇಕು. ಹಿಂದೆ ಇಂತಹುದೊಂದು ಇತ್ತಂತೆ ಎಂದು ಹೇಳುವಂತಾಗಬಾರದು.

ಅಂತಹ ದಿನ ಬಾರದಂತೆ ಕಾಯುವ ಕೆಲಸ ಯಾವ ದೂರದ ರಾಜಧಾನಿಯದೂ ಅಲ್ಲ. ಅರಸೀಕೆರೆಯ ತೋಟದ್ದು, ಬೇಲೂರಿನ ಕಾಫಿಯ ನೆರಳಿನದು, ಹಳೇಬೀಡಿನ ಕೆರೆಯ ಏರಿಯದು. ಬೆಳಗಿನ ಪೂಜೆಗೆಂದು ತುಂಬೆಯನ್ನು ಕೊಯ್ಯಲು ಬದುವಿಗೆ ಹೋದ ಭಕ್ತನು, ತನಗಿಂತ ಮುಂಚೆ ಅಲ್ಲಿಗೆ ಬಂದ ಜೇನೊಂದು ಹೂವಿನಲ್ಲಿರುವುದನ್ನು ಕಂಡು ಅದು ಏಳುವವರೆಗೆ ಒಂದು ಗಳಿಗೆ ಕಾದರೆ, ಆ ಗಳಿಗೆಯೂ ಪೂಜೆಯೇ ಆಗಿರುತ್ತದೆ.